ಹದಿನಾಲ್ಕನೇ ಹಾಳೆಯ ಕೊನೆಯವನು

ಕತ್ತರಿ ಮಿಸ್ಸಿಗೆ ಆ ಹೆಸರಿಟ್ಟವರು ಯಾರೆಂದು ಆಕೆಗೆ ಚೆನ್ನಾಗಿ ಗೊತ್ತು. ಹಿಂದಿನ ಬೆಂಚಿನ ನಾಲ್ಕು ತರಲೆಗಳು. ಈಗ ಅವರೆಲ್ಲ ಮೀಸೆ ಬಿಟ್ಟು, ಮದುವೆಯಾಗಿ, ತಮ್ಮ ಮಕ್ಕಳನ್ನು ಇದೇ ಶಾಲೆಗೆ ತಂದು ಬಿಡುತ್ತಾರೆ. ಗೇಟಿನ ಹತ್ತಿರ ಆಕೆ ಎದುರಾದರೆ ಇವತ್ತಿಗೂ ಜೇಬಿನಿಂದ ಕೈ ಹೊರಗೆ ತೆಗೆಯುತ್ತಾರೆ. ಹೆಸರಿನ ಬಗ್ಗೆ ಆಕೆಗೆ ಬೇಜಾರಿಲ್ಲ. ಕೈಯಲ್ಲಿ ಯಾವಾಗಲೂ ಕತ್ತರಿ ಇರುತ್ತದೆ, ಬಾಯಲ್ಲೂ ಒಂದಿದೆ ಎಂದು ಜನ ಆಡಿಕೊಳ್ಳುತ್ತಾರೆ, ಎರಡೂ ಸುಳ್ಳಲ್ಲ. ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಕರಕುಶಲ ಕಲಿಸಿದ ಹೆಂಗಸು ಇನ್ನೂ ಸಿಹಿಯಾಗಿಯೇ ಉಳಿದಿದ್ದರೆ ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದೇ ಅರ್ಥ.

ಆಕೆಯ ಕೋಣೆ ಕೆಳಗಿನ ಮಹಡಿಯ ಕೊನೆಗೆ, ಹಳೇ ಬೆಂಚುಗಳನ್ನು ಒಟ್ಟಿದ ಉಗ್ರಾಣದ ಪಕ್ಕದಲ್ಲಿದೆ. ಮೊದಲು ಅದು ಸೈಕಲ್ ನಿಲ್ಲಿಸುವ ಜಾಗವಾಗಿತ್ತು, ಆಮೇಲೆ ಮೂರು ಕಡೆ ಗೋಡೆ ಎಬ್ಬಿಸಿ ಅದಕ್ಕೆ ಕಲೆಯ ಕೋಣೆ ಎಂದು ಬೋರ್ಡು ಹಾಕಿದರು. ಉದ್ದನೆಯ ಮೇಜಿನ ಮೇಲೆ ಒಣಗಿದ ಗೋಂದಿನ ಪದರ, ಕೆರೆದರೆ ಉಗುರಿಗೆ ಬರುತ್ತದೆ. ಗೋಡೆಯ ಮೊಳೆಗಳಿಗೆ ಮೂತಿ ಮೊಂಡಾದ ಸಣ್ಣ ಕತ್ತರಿಗಳು ನೇತಾಡುತ್ತವೆ. ತರಗತಿ ಮುಗಿದ ಮೇಲೆ ಒಂದು ಮೊಳೆ ಖಾಲಿ ಕಂಡರೂ ಯಾರೂ ಹೊರಗೆ ಹೋಗುವಂತಿಲ್ಲ. ಕತ್ತರಿ ಕೊಡುವಾಗ ಹಿಡಿ ಎದುರಿನವರ ಕಡೆ, ಅಲಗು ನಮ್ಮ ಕಡೆ. ಇಷ್ಟು ಕಲಿತರೆ ಸಾಕು, ಮಿಕ್ಕ ವಿದ್ಯೆ ಮೇಲಿನ ಮಹಡಿಯವರು ಹೇಳಿಕೊಡುತ್ತಾರೆ ಎನ್ನುತ್ತಾಳೆ.

ವರ್ಷಕ್ಕೊಮ್ಮೆ ಆ ಕೋಣೆಗೆ ಶಿಕ್ಷಣ ಕಚೇರಿಯಿಂದ ಒಂದು ರಟ್ಟಿನ ಕೊಳವೆ ಬರುತ್ತದೆ. ಜವಾನ ಅದನ್ನು ತಂದು ಬಾಗಿಲಲ್ಲೇ ಇಟ್ಟು ಓಡುತ್ತಾನೆ, ಏಕೆಂದರೆ ಆವತ್ತು ಎದುರಿಗೆ ಸಿಕ್ಕವರ ಗ್ರಹಚಾರ ನೆಟ್ಟಗಿರುವುದಿಲ್ಲ. ಕೊಳವೆಯೊಳಗೆ ಬಾವುಟದ ಬಣ್ಣ ಬಳಿದ ಹದಿನಾಲ್ಕು ಉದ್ದನೆಯ ಹಾಳೆಗಳು, ಜೊತೆಗೆ ಮಾಡುವ ವಿಧಾನ. ಹಾಳೆಯನ್ನು ಬೀಸಣಿಗೆಯಂತೆ ಹಿಂದೆ ಮುಂದೆ ಎಂಟು ಪಾಲು ಮಡಿಚಬೇಕು. ಮೇಲಿನ ಪಾಲಿನಲ್ಲಿ ಒಬ್ಬ ಮನುಷ್ಯನ ಗೆರೆ ಇರುತ್ತದೆ, ಕೈ ಎರಡೂ ಕಡೆಗೆ ಚಾಚಿದವನು. ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಎಂಟು ಜನ ಕೈ ಕೈ ಹಿಡಿದು ನಿಲ್ಲುತ್ತಾರೆ. ಮಡಿಕೆಯ ಹತ್ತಿರ ಕೈಯನ್ನು ಕತ್ತರಿಸಬಾರದು ಅಷ್ಟೆ. ಕತ್ತರಿಸಿದರೆ ಎಂಟು ಜನ ಎಂಟು ದಿಕ್ಕಿಗೆ ಉದುರುತ್ತಾರೆ. ಹದಿನಾಲ್ಕು ಹಾಳೆಯ ಜನರನ್ನೂ ಸಾಲಾಗಿ ಅಂಟಿಸಿ ಸಭಾಂಗಣದ ಗೋಡೆಗೆ ಕಟ್ಟಿ, ಅದರ ಕೆಳಗೆ ಮಕ್ಕಳನ್ನು ಕೂರಿಸಿ, ದೇಶಕ್ಕೆ ಬಂದ ದುಃಖದ ಬಗ್ಗೆ ಮಾತನಾಡಿಸಬೇಕು. ಮಕ್ಕಳ ಮನಸ್ಸು ಹಗುರಾಗುತ್ತದಂತೆ. ಅವರಲ್ಲಿ ಅರ್ಧಕ್ಕರ್ಧ ಆ ದುಃಖ ಬಂದಾಗ ಹುಟ್ಟಿರಲೇ ಇಲ್ಲ, ಹಗುರಾಗಲು ಅವರ ಮನಸ್ಸಿನಲ್ಲಿ ಏನು ಭಾರವಿತ್ತೋ ಕಚೇರಿಯವರೇ ಬಲ್ಲರು.

ದುಃಖ ಇದು. ಹತ್ತು ವರ್ಷದ ಹಿಂದೆ ರಾಷ್ಟ್ರದಿನದ ಮೆರವಣಿಗೆಗೆಂದು ರಾಜಧಾನಿಗೆ ಹೊರಟಿದ್ದ ವಿಶೇಷ ರೈಲು, ಸೇತುವೆಯ ಮೇಲೆ ಹಳಿ ತಪ್ಪಿ ಹೊಳೆಗೆ ಬಿತ್ತು. ಶಾಲೆಗಳ ಬ್ಯಾಂಡಿನವರು, ಕವಾಯತಿನ ಹುಡುಗಿಯರು, ಹೊಸದಾಗಿ ಸೇನೆಗೆ ಸೇರಿದ ಹುಡುಗರು, ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಹೊರಟವರು. ನೂರ ಹನ್ನೊಂದು ಜನ ಸತ್ತರು. ದೇಶವೆಲ್ಲ ಅತ್ತಿತು, ಬಾವುಟ ಅರ್ಧಕ್ಕೆ ಇಳಿಯಿತು, ಸತ್ತವರನ್ನು ದೇಶದ ಮಕ್ಕಳೆಂದು ಸಾರಿದರು.

ಹದಿನಾಲ್ಕು ಹಾಳೆಗೆ ಎಂಟರಂತೆ ನೂರ ಹನ್ನೆರಡು ಜನ ಆಗುತ್ತಾರೆ. ಕಚೇರಿಯಲ್ಲಿ ಲೆಕ್ಕ ಹಾಕಿದ ಮಹಾನುಭಾವ, ಎಂಟರ ಲೆಕ್ಕದಲ್ಲಿ ನೂರ ಹನ್ನೊಂದು ಬರುವುದಿಲ್ಲ, ಒಬ್ಬ ಹೆಚ್ಚಾದರೆ ಕತ್ತರಿಸಿ ಬಿಸಾಡಲಿ ಎಂದುಕೊಂಡಿರಬೇಕು. ವಿಧಾನದ ಕೊನೆಯ ಸಾಲು ಹಾಗೇ ಇತ್ತು, 'ಹದಿನಾಲ್ಕನೇ ಹಾಳೆಯ ಕೊನೆಯ ಆಕೃತಿಯನ್ನು ತೆಗೆಯುವುದು.' ಪಾಪ, ಅವನಿಗೆ ಗೊತ್ತಿರಲಿಲ್ಲ. ಆ ರೈಲಿನಲ್ಲಿ ನಿಜವಾಗಿ ಸತ್ತವರು ನೂರ ಹನ್ನೆರಡೇ. ಕೊನೆಯವನು ರೈಲಿನ ಡ್ರೈವರು. ತಪ್ಪು ಅವನದು ಎಂದು ತೀರ್ಮಾನವಾಗಿದ್ದರಿಂದ ಅವನನ್ನು ದೇಶದ ಮಕ್ಕಳ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನು ಕತ್ತರಿ ಮಿಸ್ಸಿನ ಗಂಡ.

ಒಳ್ಳೆಯ ಗಂಡನೇನಲ್ಲ. ಸತ್ತವನೆಂದು ಅವನನ್ನು ಹೊಗಳುವ ಚಟ ಆಕೆಗಿಲ್ಲ. ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದ ಮನುಷ್ಯ. ಡ್ಯೂಟಿಯಿಂದ ಬಂದರೆ ಬೂಟು ಬಾಗಿಲಿಗೆ ಅಡ್ಡ, ಅಂಗಿ ಕುರ್ಚಿಯ ಮೇಲೆ, ಮುಖ ಗೋಡೆಯ ಕಡೆ. ಮಾತನಾಡಿದರೆ ಅದು ತಪ್ಪು ಹುಡುಕಲಿಕ್ಕೆ; ಚಹಾ ಬಿಸಿಯಿಲ್ಲ, ಕಿಟಕಿ ಕಿರುಗುಟ್ಟುತ್ತದೆ, ಪಕ್ಕದ ಮನೆಯವರು ಬದುಕಿದ್ದಾರೆ. ಅವರಿಬ್ಬರೂ ಮಾತು ಬಿಟ್ಟು ವಾರಗಟ್ಟಲೆ ಇರುತ್ತಿದ್ದರು, ಬೇಕಾದ್ದನ್ನು ನಾದಿನಿಯ ಮೂಲಕ ಹೇಳಿ ಕಳಿಸುತ್ತಿದ್ದರು. ಆ ವಿಶೇಷ ರೈಲಿಗೆ ಹೊರಟ ದಿನವೂ ಮಾತು ಬಿಟ್ಟಿದ್ದರು. ಕಾರಣ ಏನೆಂದು ಈಗ ನೆನಪಿಲ್ಲ, ನೆನಪಿಡುವಂಥ ಕಾರಣವೂ ಆಗಿರಲಿಕ್ಕಿಲ್ಲ.

ಅಪಘಾತದ ಮರುದಿನದ ಪೇಪರಿನಲ್ಲಿ ಡ್ರೈವರ್ ಕುಡಿದಿದ್ದ ಎಂದು ಬಂತು. ಅದನ್ನು ಓದಿ ಆಕೆಗೆ ನಗು ಬಂತು, ನಿಜವಾಗಿಯೂ ಬಂತು. ಕುಡಿಯಬೇಕೆಂದರೆ ಜೇಬಿನಿಂದ ಕಾಸು ಬಿಚ್ಚಬೇಕಲ್ಲ. ಆ ಜುಗ್ಗ ಸೋಡಾ ಕೂಡ ಕುಡಿದವನಲ್ಲ. ಜೊತೆಗಿದ್ದ ಸಹಾಯಕ ಈಜಿ ಬದುಕಿಕೊಂಡು, "ವೇಗ ಕಮ್ಮಿ ಮಾಡಿ ಅಂದೆ, ಅವ್ರು ಕೇಳ್ಲಿಲ್ಲ" ಎಂದು ಹೇಳಿಕೆ ಕೊಟ್ಟ. ಅದನ್ನು ಆಕೆ ನಂಬಿದಳು. ಕೇಳಿರಲಿಕ್ಕಿಲ್ಲ, ಅವನು ಯಾರ ಮಾತನ್ನೂ ಕೇಳುವ ಪೈಕಿ ಅಲ್ಲ. ಸೇತುವೆಯ ಕಂಬಕ್ಕೆ ಎಷ್ಟು ವಯಸ್ಸಾಗಿತ್ತು, ಹಳಿ ನೋಡಿಕೊಳ್ಳುವವರು ಎಲ್ಲಿ ಮಲಗಿದ್ದರು ಎಂದು ಯಾರೂ ಕೇಳದೇ ಹೋದದ್ದು ಬೇರೆ ಮಾತು. ಆಕೆಯ ತಕರಾರು ಅಷ್ಟು ದೊಡ್ಡದಲ್ಲ. ತಪ್ಪು ಮಾಡಿದ, ಸರಿ. ಬೈಯಿರಿ, ನಾನೂ ಬೈಯುತ್ತೇನೆ. ಆದರೆ ಸತ್ತದ್ದಂತೂ ಸತ್ತ. ಸತ್ತವರನ್ನು ಎಣಿಸುವಾಗ ಸತ್ತವನನ್ನು ಬಿಟ್ಟು ಎಣಿಸುವುದು ಯಾವ ಸೀಮೆಯ ಲೆಕ್ಕ?

ಇದನ್ನು ಆಕೆ ಯಾರ ಮುಂದೆ ಹೇಳಬೇಕಿತ್ತೋ ಅವರ ಮುಂದೆ ಹೇಳುವಂತಿರಲಿಲ್ಲ. ಏಕೆಂದರೆ ಹೆಡ್‌ಮಿಸ್ಸಿನ ಮಗ ಆ ರೈಲಿನಲ್ಲಿದ್ದ. ಒಬ್ಬನೇ ಮಗ, ಬ್ಯಾಂಡಿನಲ್ಲಿ ಡೋಲು ಬಾರಿಸುತ್ತಿದ್ದವನು. ಇದೇ ಶಾಲೆಯಲ್ಲಿ ಓದಿದವನು, ಇದೇ ಕೋಣೆಯಲ್ಲಿ ಕೂತು ಕಾಗದ ಕತ್ತರಿಸಿದವನು. ಎಡಗೈಯವನಾದ್ದರಿಂದ ಗೆರೆ ಯಾವಾಗಲೂ ವಕ್ರ, ಕತ್ತರಿ ಮಿಸ್ಸಿನ ಕೈಯಲ್ಲಿ ದಿನವೂ ಬೈಗುಳ ತಿನ್ನುತ್ತಿದ್ದ, ತಿಂದು ಹಲ್ಲು ಕಿರಿಯುತ್ತಿದ್ದ.

ಮೊದಲ ವರ್ಷ ರಟ್ಟಿನ ಕೊಳವೆ ಬಂದಾಗ ಹೆಡ್‌ಮಿಸ್ ತಾನೇ ಕೆಳಗಿಳಿದು ಬಂದಿದ್ದಳು. ಮಗ ಹೋದ ಮೇಲೆ ಅರ್ಧ ಆಗಿದ್ದಳು, ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಮೇಜಿನ ಮೇಲೆ ಹರಡಿದ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ಮೊದಲನೆಯ ಆಕೃತಿಯ ತಲೆ ಸವರಿ, ಕೊನೆಯದನ್ನು ಬೆರಳಲ್ಲಿ ತೋರಿಸಿದಳು.

"ಇದನ್ನ ತೆಗೀರಿ."

"ನಾನಾ?"

"ಮತ್ತಿನ್ಯಾರು? ನಿಮ್ಮನೇದು ತಾನೆ. ನೀವೇ ತೆಗೀರಿ."

ಆ ಮಾತು ಆಡಿ ಹೆಡ್‌ಮಿಸ್ ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ಕತ್ತರಿ ಮಿಸ್ಸಿಗೆ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ಬರಬೇಕಿದ್ದ ಹಣ ನಿಂತಿತ್ತು, ಮನೆಯಲ್ಲಿ ನಾದಿನಿ, ಕೈಯಲ್ಲಿದ್ದದ್ದು ಈ ಒಂದು ಕೆಲಸ. ಕತ್ತರಿ ತೆಗೆದುಕೊಂಡಳು, ಕಚಕ್ಕೆಂದು ಕೊನೆಯವನ ತೋಳು ಕತ್ತರಿಸಿದಳು, ಮನೆಗೆ ಒಯ್ದು ಒಲೆ ಹಚ್ಚುವಾಗ ಅವನನ್ನೇ ಮೊದಲು ಹಾಕಿದಳು. ಒಂಬತ್ತು ವರ್ಷ, ಒಂಬತ್ತು ಸಲ. ಆ ಒಂಬತ್ತು ವರ್ಷದಲ್ಲಿ ಶಾಲೆಯ ಆ ಇಬ್ಬರು ಹೆಂಗಸರು ಕೆಲಸಕ್ಕೆ ಬೇಕಾದ ಮಾತು ಬಿಟ್ಟರೆ ತುಟಿ ಪಿಟಕ್ಕೆನ್ನಲಿಲ್ಲ. ಶಿಕ್ಷಕರ ಕೋಣೆಗೆ ಒಬ್ಬಳು ಬಂದರೆ ಇನ್ನೊಬ್ಬಳು ಲೋಟ ಎತ್ತಿಕೊಂಡು ಏಳುತ್ತಿದ್ದಳು. ಹೊಸದಾಗಿ ಸೇರಿದ ಶಿಕ್ಷಕಿಯರಿಗೆ ಯಾರ ಪಕ್ಕ ಕೂರಬೇಕೆಂಬುದೇ ದೊಡ್ಡ ಪರೀಕ್ಷೆಯಾಗಿತ್ತು.

ಇದು ಹತ್ತನೇ ವರ್ಷ. ಹತ್ತನೆಯದು ಅಂದರೆ ಸರ್ಕಾರಕ್ಕೂ ಹುರುಪು. ಈ ಸಲ ಕಾಗದದ ಜನರನ್ನು ಮೊದಲೇ ಮಾಡಿಡುವಂತಿಲ್ಲ, ಮಕ್ಕಳು ಸಭಾಂಗಣದಲ್ಲೇ ಕೂತು ಮಡಿಚಿ, ಕತ್ತರಿಸಿ, ಅಂಟಿಸಬೇಕು, ಮಾತನಾಡಬೇಕು, ದೊಡ್ಡ ಸಾಹೇಬರು ಬಂದು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ ಎಂದು ಅಪ್ಪಣೆ ಬಂತು. ಹಿಂದಿನ ದಿನ ಜವಾನ ಬಾಗಿಲಲ್ಲಿ ನಿಂತು, ಉಗುಳು ನುಂಗಿ, ಹೆಡ್‌ಮಿಸ್ಸಿನ ಮಾತು ಒಪ್ಪಿಸಿದ.

"ಕೊನೇ ಹಾಳೇಲಿ ಒಂದ್ ಪಾಲು ಈಗ್ಲೇ ಕತ್ತರಿಸಿ ತೆಗೆದಿಡ್ಬೇಕಂತೆ ಮಿಸ್. ಮಕ್ಕಳ ಮುಂದೆ ಬೇಡ್ವಂತೆ."

"ಹೇಳಿದ್ರಾ? ಸರಿ, ಕೇಳಿಸ್ಕೊಂಡೆ ಅಂತ ಹೇಳು."

"ಕತ್ತರಿಸ್ತೀರ ತಾನೆ?"

"ಕೇಳಿಸ್ಕೊಂಡೆ ಅಂತ ಹೇಳು ಅಂದ್ನಲ್ಲ, ಅಷ್ಟು ಹೇಳು."

ಆ ಸಂಜೆ ಮನೆಯಲ್ಲಿ ನಾದಿನಿ ಬಟ್ಟೆ ಮಡಿಚುತ್ತಿದ್ದಳು. ಗಂಡನ ತಂಗಿ, ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಉಳಿದವಳು, ಅಣ್ಣ ಹೋದ ಮೇಲೂ ಅತ್ತಿಗೆಯ ಜೊತೆಗೇ ಉಳಿದವಳು. ಎರಡು ಕೋಣೆಯ ಮನೆ, ಒಂದೇ ಕಿಟಕಿ, ಅದು ಈಗಲೂ ಕಿರುಗುಟ್ಟುತ್ತದೆ. ನಾದಿನಿ ಅಂಗಡಿಯೊಂದರಲ್ಲಿ ಗಡಿಯಾರದ ಪಟ್ಟಿ ಹಾಕುವ ಕೆಲಸ ಮಾಡುತ್ತಾಳೆ. ಅಣ್ಣನ ಹೆಸರನ್ನು ಅಲ್ಲಿ ಯಾರಿಗೂ ಹೇಳಿಲ್ಲ.

"ಈ ಸಲ ನಾನು ಕತ್ತರಿಸಲ್ಲ" ಎಂದಳು ಕತ್ತರಿ ಮಿಸ್.

ನಾದಿನಿಗೆ ಯಾವುದೆಂದು ಕೇಳಬೇಕಾಗಲಿಲ್ಲ. "ಕಾಗದ ತಾನೆ ಅತ್ತಿಗೆ? ಕತ್ತರಿಸಿ ಬಿಸಾಕಿ. ಇಷ್ಟು ವರ್ಷ ಹೊಟ್ಟೆಗೆ ಹಾಕ್ಕೊಂಡಿಲ್ವಾ?"

"ನೀನು ಹಾಕ್ಕೊಂಡೆ. ನಿನ್ನ ಹೊಟ್ಟೆ ದೊಡ್ಡದು."

"ಕೆಲಸ ಹೋದ್ರೆ ಆಗ ಯಾರ ಹೊಟ್ಟೆ ದೊಡ್ಡದು ಅಂತ ಗೊತ್ತಾಗತ್ತೆ." ನಾದಿನಿ ಮಡಿಚಿದ ಬಟ್ಟೆಯನ್ನು ಕೊಡವಿ ಮತ್ತೆ ಮಡಿಚಿದಳು. "ಬದುಕಿದ್ದಾಗ ಅವನ ಮುಖ ಕಂಡ್ರೆ ನಿಮಗಾಗ್ತಿರ್ಲಿಲ್ಲ. ಈಗ ಯಾಕೆ ಇಷ್ಟು ಪ್ರೀತಿ ಉಕ್ಕಿ ಬಂತು?"

"ಪ್ರೀತಿ ಗೀತಿ ಏನಿಲ್ಲ. ಆ ಮನುಷ್ಯನ ಮೇಲೆ ನಂಗಿನ್ನೂ ಸಿಟ್ಟಿದೆ. ಆದ್ರೆ ನನ್ನ ಕೈಯಲ್ಲೇ ಅವನ ಕೈ ಕತ್ತರಿಸೋದು ಅಂದ್ರೆ..." ಎದ್ದು ಹೋಗಿ ಕಿಟಕಿಯನ್ನು ದಡಾರೆಂದು ಮುಚ್ಚಿದಳು.

ಮರುದಿನ ಸಭಾಂಗಣದ ನೆಲದ ಮೇಲೆ ಮಕ್ಕಳು ಗುಂಪು ಗುಂಪಾಗಿ ಕೂತಿದ್ದವು. ಗುಂಪಿಗೊಂದು ಹಾಳೆ, ಒಂದು ಕತ್ತರಿ, ಒಂದು ಗೋಂದಿನ ಡಬ್ಬಿ. ಎದುರು ಗೋಡೆಯಲ್ಲಿ ಬಾವುಟ, ಅದರ ಪಕ್ಕದಿಂದ ಶುರುವಾಗಿ ಬಾಗಿಲಿನವರೆಗೆ ಕಟ್ಟಿದ ದಾರ. ಕತ್ತರಿ ಮಿಸ್ ಗುಂಪಿನಿಂದ ಗುಂಪಿಗೆ ಹೋದಳು, ಸೊಂಟದ ಮೇಲೆ ಕೈ.

"ಏಯ್, ಅದೇನು ಮಡಿಚೋದಾ ಮುದುರೋದಾ? ಬಿಡಿಸು. ಉಗುರಲ್ಲಿ ಒತ್ತು. ನೀನು, ಮಡಿಕೆ ಹತ್ರ ಕತ್ತರಿ ಹೋಗ್ಬಾರ್ದು ಅಂತ ಎಷ್ಟು ಸಲ ಬಡ್ಕೊಂಡೆ? ನೋಡು, ಎಲ್ಲಾರ ಕೈನೂ ಕಿತ್ತು ಹಾಕಿದ್ದೀಯ. ಈಗ ಒಬ್ಬೊಬ್ಬರನ್ನೇ ಅಂಟಿಸ್ಕೊಂಡು ಕೂತ್ಕೋ."

ಮೊದಲ ಹಾಳೆಯನ್ನು ಹೆಡ್‌ಮಿಸ್ ತಾನೇ ಬಂದು, ತಾನೇ ಕತ್ತರಿಸಿ, ಬಾವುಟದ ಪಕ್ಕಕ್ಕೆ ಕಟ್ಟಿದಳು. ಅದನ್ನು ಕಟ್ಟುವುದು ಪ್ರತಿ ವರ್ಷವೂ ಅವಳೇ. ಬಾವುಟಕ್ಕೆ ಒತ್ತಿ ನಿಂತ ಮೊದಲನೆಯವನು ಅವಳ ಮಗ. ಅದನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಕಟ್ಟಿ ಮುಗಿಸಿ, ಸಾಹೇಬರನ್ನು ಎದುರುಗೊಳ್ಳಲು ಗೇಟಿನ ಕಡೆ ಹೋದಳು. ಹೋಗುವಾಗ ಕತ್ತರಿ ಮಿಸ್ಸಿನ ಕಡೆ ಒಂದು ನೋಟ ಬೀರಿದಳು. ಇವಳು ಗೋಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಿಂತಳು.

ಹದಿನಾಲ್ಕನೇ ಹಾಳೆ ಬಾಗಿಲ ಹತ್ತಿರದ ಗುಂಪಿನದು. ಅದರ ನಾಯಕಿ ಮುಂದಿನ ಎರಡು ಹಲ್ಲು ಬಿದ್ದ ಒಂದು ಹುಡುಗಿ, ಪ್ರಶ್ನೆ ಕೇಳಿ ಕೇಳಿ ಮೇಲಿನ ಮಹಡಿಯವರ ತಲೆ ಚಿಟ್ಟು ಹಿಡಿಸಿದವಳು. ತಮ್ಮ ಎಂಟು ಜನರನ್ನು ದಾರಕ್ಕೆ ಕಟ್ಟಿದ ಮೇಲೆ ಅವಳು ಸಾಲಿನ ಉದ್ದಕ್ಕೂ ಬೆರಳಿಟ್ಟು ಎಣಿಸಿಕೊಂಡು ಬಂದಳು. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ನೂರ ಹನ್ನೊಂದು ಎಂದು ಬರೆದಿತ್ತು. ಮತ್ತೊಮ್ಮೆ ಎಣಿಸಿದಳು.

"ಮಿಸ್, ಒಬ್ರು ಜಾಸ್ತಿ ಇದ್ದಾರೆ. ಇವ್ರ್ಯಾರು?"

ಸಭಾಂಗಣದ ಗದ್ದಲ ಪೂರ್ತಿ ನಿಲ್ಲಲಿಲ್ಲ, ಆದರೆ ಹತ್ತಿರದ ಗುಂಪುಗಳು ತಿರುಗಿದವು. ಇದಕ್ಕೆ ಸುಲಭದ ಉತ್ತರವಿತ್ತು, ಎಣಿಕೆ ತಪ್ಪು, ತೆಗೆದುಬಿಡೋಣ ಎಂದರೆ ಮುಗಿಯುತ್ತಿತ್ತು. ಮಕ್ಕಳು ಮಾತನಾಡಲಿ ಎಂದು ತಾನೆ ಕಚೇರಿಯವರು ಕೂಗಿಕೊಂಡದ್ದು ಎಂದುಕೊಂಡಳು ಕತ್ತರಿ ಮಿಸ್. ಮಾತನಾಡಲಿ.

"ಅವ್ರು ಆ ರೈಲಿನ ಡ್ರೈವರ್. ಅವ್ರೂ ಸತ್ತುಹೋದ್ರು. ನಮ್ಮೆಜಮಾನ್ರು."

ಮಕ್ಕಳಿಗೆ ಆ ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದಾಗಿ ಕೇಳಿಸಿತು. ಕತ್ತರಿ ಮಿಸ್ಸಿಗೆ ಗಂಡ ಎಂಬುದೊಂದು ಇದ್ದೀತು ಎಂದು ಅವರು ಯಾರೂ ಯೋಚಿಸಿರಲಿಲ್ಲ.

"ಅವ್ರೇ ಅಲ್ವಾ ಎಲ್ಲಾರನ್ನೂ ಸಾಯ್ಸಿದ್ದು?" ಎಂದಿತು ಒಂದು.

"ನಮ್ಮಪ್ಪ ಹೇಳಿದ್ರು, ಅವ್ರು ಕುಡ್ಕೊಂಡು ಓಡ್ಸಿದ್ರಂತೆ."

"ಕುಡ್ದಿರ್ಲಿಲ್ಲ" ಎಂದಳು ಕತ್ತರಿ ಮಿಸ್. "ಜೋರಾಗಿ ಓಡ್ಸಿದ್ರು. ಅದು ನಿಜ ಇರ್ಬಹುದು."

"ಹಂಗಾದ್ರೆ ಅವ್ರನ್ನ ತೆಗೀರಿ. ಕೆಟ್ಟೋರು ಇದ್ರಲ್ಲಿರ್ಬಾರ್ದು."

"ಆದ್ರೆ ಸತ್ತಿದ್ದಾರಲ್ಲ" ಎಂದಳು ಹಲ್ಲಿಲ್ಲದ ಹುಡುಗಿ. "ಸತ್ತೋರ್ನ ಅಲ್ವಾ ಎಣಿಸ್ತಿರೋದು?"

"ಎಣಿಸಿದ್ರೂ ಅವ್ರ ಪಕ್ಕದಲ್ಲಿರೋರು ಕೈ ಕೊಡಲ್ಲ. ನಾನಾಗಿದ್ರೆ ಕೊಡ್ತಿರ್ಲಿಲ್ಲ."

"ಕೊಟ್ಟಾಗಿದೆ ನೋಡೋ, ಕತ್ತರಿಸಿದ್ದೇ ಹಂಗೆ."

ಆಮೇಲೆ ಎಲ್ಲವೂ ಒಟ್ಟಿಗೆ ಕಿರುಚತೊಡಗಿದವು. ತೆಗೀರಿ ಎನ್ನುವವರು ಹೆಚ್ಚು, ಬೇಡ ಎನ್ನುವವರು ಕಮ್ಮಿ. ಒಬ್ಬ ಎದ್ದು ಕಾಗದದ ಡ್ರೈವರಿಗೆ ಉಗುಳುವ ಹಾಗೆ ಮಾಡಿದ, ಇನ್ನೊಬ್ಬಳು ಅವನ ಕಾಲರ್ ಹಿಡಿದು ಎಳೆದಳು. ಮಕ್ಕಳೆಂದರೆ ದೇವರೆನ್ನುವವರು ಆ ಹೊತ್ತು ಅಲ್ಲಿರಬೇಕಿತ್ತು. ಕತ್ತರಿ ಮಿಸ್ ಗದರಿಸಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ಯಾರೋ ಅವನ ಬಗ್ಗೆ ಆಕೆಯ ಎದುರಿಗೇ, ಮುಖಕ್ಕೆ ಮುಖ ಕೊಟ್ಟು ಮಾತನಾಡುತ್ತಿದ್ದರು. ಬೆನ್ನ ಹಿಂದಿನ ಪಿಸುಮಾತಿಗಿಂತ ಅದು ಎಷ್ಟೋ ವಾಸಿ ಅನ್ನಿಸಿತು.

"ಏನಿದು?"

ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸಾಹೇಬರ ಕಾರು ಮೇಲಿನ ರಸ್ತೆಗೆ ಬಂದಾಗಿದೆ ಎಂದು ತಿಳಿಸಲು ಬಂದವಳು. ಮಕ್ಕಳು ದೊಪ್ಪನೆ ಕೂತವು. ಅವಳ ಕಣ್ಣು ದಾರದ ಕೊನೆಗೆ ಹೋಯಿತು, ಅಲ್ಲಿಂದ ಕತ್ತರಿ ಮಿಸ್ಸಿಗೆ ಬಂತು.

"ಹೇಳಿ ಕಳ್ಸಿದ್ದೆ."

"ಕೇಳಿಸ್ಕೊಂಡೆ."

"ಕತ್ತರಿಸಿ."

"ನಾನು ಕತ್ತರಿಸಲ್ಲ." ಕತ್ತರಿ ಮಿಸ್ ತನ್ನ ದೊಡ್ಡ ಕತ್ತರಿಯನ್ನು ಚೀಲದಿಂದ ತೆಗೆದು, ಹಿಡಿಯನ್ನು ಹೆಡ್‌ಮಿಸ್ಸಿನ ಕಡೆಗೆ ಚಾಚಿದಳು. "ನಿಮಗೆ ಬೇಡ ಅನ್ಸಿದ್ರೆ ನೀವೇ ಕತ್ತರಿಸಿ. ಮಕ್ಕಳೂ ನೋಡ್ಲಿ."

"ಸಾಹೇಬರಿಗೆ ಒಂದು ಮಾತು ಹೇಳಿದ್ರೆ ನಾಳೆ ನೀವು ಇಲ್ಲಿರಲ್ಲ."

"ಹೇಳಿ."

ಹೆಡ್‌ಮಿಸ್ ಕತ್ತರಿ ಕಸಿದುಕೊಂಡಳು. ಕೊನೆಯವನ ಹತ್ತಿರ ಹೋಗಿ, ಅವನ ತೋಳು ಪಕ್ಕದವನ ತೋಳಿಗೆ ಸೇರುವ ಮಡಿಕೆಯ ಮೇಲೆ ಅಲಗು ಇಟ್ಟಳು. ಕತ್ತರಿ ಮಿಸ್ ಕಣ್ಣು ಕೀಳದೆ ನೋಡುತ್ತಿದ್ದಳು. ಕತ್ತರಿಸಲಿ, ಇವಳ ಕೈಯಿಂದಲೇ ಆಗಲಿ, ಆಮೇಲೆ ನನಗೂ ಇವಳಿಗೂ ಮಾತು ಹೇಗೂ ಇಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದಳು. ಅಲಗು ತೆರೆದೇ ಇತ್ತು. ಹೆಡ್‌ಮಿಸ್ಸಿನ ಕೈಯಲ್ಲಿ ಕಾಗದ ಪರಪರ ಎಂದಿತು. ಕತ್ತರಿ ಮುಚ್ಚಲಿಲ್ಲ.

ಅವಳು ಕೈ ಕೆಳಗಿಳಿಸಿದಳು. ಮಕ್ಕಳ ನಡುವೆ ದಾರಿ ಮಾಡಿಕೊಂಡು, ಗೋಡೆಯ ಉದ್ದಕ್ಕೂ ನಡೆದು ಬಾವುಟದ ಹತ್ತಿರ ಬಂದಳು.

"ಸರಿ, ಅವನು ಇರ್ಲಿ" ಎಂದಳು. ದನಿ ಇಡೀ ಸಭಾಂಗಣಕ್ಕೆ ಕೇಳಿಸುವಂತಿತ್ತು. "ಅವನಿರೋ ಸಾಲಲ್ಲಿ ನನ್ನ ಮಗ ಬೇಡ."

ಕಚಕ್. ಮೊದಲನೆಯವನು ಅವಳ ಕೈಗೆ ಬಂದ. ಅವನನ್ನು ಎದೆಗೆ ಒತ್ತಿ ಹಿಡಿದುಕೊಂಡು, ಕತ್ತರಿಯನ್ನೂ ಹಿಡಿದುಕೊಂಡೇ, ಯಾರ ಮುಖವನ್ನೂ ನೋಡದೆ ಪಕ್ಕದ ಬಾಗಿಲಿನಿಂದ ಹೊರಟುಹೋದಳು. ಬಾವುಟಕ್ಕೂ ಎರಡನೆಯವನಿಗೂ ನಡುವೆ ಒಂದು ಗೇಣು ಗೋಡೆ ಬೋಳಾಗಿ ಕಂಡಿತು.

ಸಾಹೇಬರು ಬಂದೇಬಿಟ್ಟರು. ಕೋಟಿನ ಮೇಲೆ ಸಣ್ಣ ಬಾವುಟದ ಪಿನ್ನು, ಹಿಂದೆ ಕ್ಯಾಮೆರಾದವನು, ಹೆಡ್‌ಮಿಸ್ ಎಲ್ಲಿ ಎಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ. ಬಾಗಿಲಿನಿಂದ ಬಾವುಟದವರೆಗೆ ಒಂದೊಂದು ತಲೆಯನ್ನೂ ಬೆರಳಲ್ಲಿ ತಟ್ಟುತ್ತಾ ಎಣಿಸಿದರು. ಮೊದಲು ತಟ್ಟಿದ್ದು ಡ್ರೈವರಿನ ತಲೆಯನ್ನು.

"ನೂರ ಹನ್ನೊಂದು! ಭೇಷ್! ಬೇರೆ ಶಾಲೇಲಿ ಒಂದು ಹೆಚ್ಚು, ಒಂದು ಕಮ್ಮಿ ಮಾಡಿರ್ತಾರೆ. ಇಲ್ಲಿ ಸರಿಯಾಗಿದೆ" ಎಂದು ಖುಷಿಪಟ್ಟು, ಹಲ್ಲಿಲ್ಲದ ಹುಡುಗಿಯ ಕಡೆ ಬಾಗಿದರು. "ಇದನ್ನ ಮಾಡ್ತಾ ಏನು ಮಾತಾಡ್ಕೊಂಡ್ರಿ ಪುಟ್ಟಿ?"

ಹುಡುಗಿ ಕತ್ತರಿ ಮಿಸ್ಸಿನ ಮುಖ ನೋಡಿದಳು. ಆಮೇಲೆ ಬೋಳಾದ ಗೋಡೆಯ ಕಡೆ ನೋಡಿದಳು.

"ಜಗಳ ಆಡಿದ್ವಿ" ಎಂದಳು.

ಸಾಹೇಬರು ಜೋರಾಗಿ ನಕ್ಕು, ಅವಳ ಕೆನ್ನೆ ಹಿಂಡಿ, ದೇಶದ ಮಕ್ಕಳೆಲ್ಲ ಹೀಗೆ ಕೈ ಕೈ ಹಿಡಿದು ನಿಂತರೆ ಯಾವ ದುಃಖವೂ ನಮ್ಮನ್ನು ಅಲುಗಿಸಲಾರದು ಎಂದು ಭಾಷಣ ಮಾಡಿದರು. ಫೋಟೋ ಆಯಿತು. ಕಾರು ಹೋಯಿತು.

ಬೇಕೆಂದದ್ದು ಸಿಕ್ಕಿತ್ತು. ಗಂಡ ಗೋಡೆಯ ಮೇಲಿದ್ದ, ಒಂದು ಕೈ ಪಕ್ಕದವನ ಕೈಯಲ್ಲಿ. ಸರ್ಕಾರದ ಮನುಷ್ಯ ಸ್ವತಃ ಬೆರಳಿಟ್ಟು ಎಣಿಸಿ ಲೆಕ್ಕಕ್ಕೆ ಸೇರಿಸಿಕೊಂಡು ಹೋಗಿದ್ದ. ಆದರೆ ಕತ್ತರಿ ಮಿಸ್ಸಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಕಣ್ಣು ಮತ್ತೆ ಮತ್ತೆ ಬಾವುಟದ ಪಕ್ಕಕ್ಕೇ ಹೋಗುತ್ತಿತ್ತು. ಗಂಡನಿಗೆ ಜಾಗ ಕೇಳಿದ್ದಳು, ಆ ಎಡಗೈಯ ಹುಡುಗನ ಜಾಗ ಕೇಳಿರಲಿಲ್ಲ. ಹಾಗೆಂದು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡಳು. ಎಲ್ಲ ಬಿಟ್ಟು ತನ್ನ ಮಗನನ್ನೇ ಕತ್ತರಿಸಿಕೊಳ್ಳಬೇಕಿತ್ತೇ ಆ ಹೆಂಗಸು ಎಂದು ಬೈದುಕೊಂಡಳು.

ಮಕ್ಕಳನ್ನು ಕಳಿಸಿ, ನೆಲದ ಮೇಲಿನ ಕಾಗದದ ಚೂರು ಗುಡಿಸಿಸಿ, ಸಣ್ಣ ಕತ್ತರಿಗಳನ್ನೆಲ್ಲ ಮೊಳೆಗೆ ಹಾಕಿದ ಮೇಲೆ, ತನ್ನ ದೊಡ್ಡ ಕತ್ತರಿ ಬಂದಿಲ್ಲವೆಂಬುದು ನೆನಪಾಯಿತು. ಜವಾನನನ್ನು ಕಳಿಸಬಹುದಿತ್ತು. ತಾನೇ ಮೆಟ್ಟಿಲು ಹತ್ತಿದಳು.

ಹೆಡ್‌ಮಿಸ್ಸಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಮೇಜಿನ ಹಿಂದೆ ಕೂತಿದ್ದಳು, ಕನ್ನಡಕ ಬಿಚ್ಚಿಟ್ಟಿದ್ದಳು. ಮೇಜಿನ ಮೇಲೆ ಕಾಗದದ ಹುಡುಗ ಅಂಗಾತ ಮಲಗಿದ್ದ, ಪಕ್ಕದಲ್ಲಿ ಕತ್ತರಿ. ಕಾಗದ ಗಾಳಿಗೆ ಹಾರದಂತೆ ಅದರ ಕಾಲಿನ ಮೇಲೆ ಒಂದು ಬೆರಳು ಇಟ್ಟಿದ್ದಳು.

"ಕತ್ತರಿ" ಎಂದಳು ಕತ್ತರಿ ಮಿಸ್, ಹೊಸ್ತಿಲಲ್ಲೇ ನಿಂತು.

"ತಗೊಂಡ್ಹೋಗಿ."

ಒಳಗೆ ಬಂದು ಕತ್ತರಿ ಎತ್ತಿಕೊಂಡಳು. "ಅವ್ನನ್ನ ಮತ್ತೆ ಅಂಟಿಸಿ ಕೊಡ್ತೀನಿ. ಗೊತ್ತಾಗದ ಹಾಗೆ ಅಂಟಿಸ್ತೀನಿ. ಲೆಕ್ಕ ಹೆಂಗೂ ಮುಗೀತಲ್ಲ."

"ಬೇಡ."

"ನಾನು ಅವ್ನ ಜಾಗ ಕೇಳಿರ್ಲಿಲ್ಲ."

"ಗೊತ್ತು." ಹೆಡ್‌ಮಿಸ್ ತಲೆ ಎತ್ತಲಿಲ್ಲ. "ನಿಮ್ಮ ಗಂಡ ಅಂದ್ರೆ ಇವತ್ತಿಗೂ ನಂಗೆ ರಕ್ತ ಕುದಿಯತ್ತೆ. ಆ ಕೈ ಸೇದಿಹೋಗ್ಲಿ ಅಂತ ನಾನು ದಿನಾ ಶಾಪ ಹಾಕಿದ್ದೀನಿ. ಅದೇ ಕೈ ಮೇಲೆ ಕತ್ತರಿ ಇಟ್ಟೆ ನೋಡಿ, ಬರೀ ಕಾಗದ, ಆದ್ರೂ ನನ್ನ ಕೈಲಿ ಆಗ್ಲಿಲ್ಲ." ಆಮೇಲೆ ಕೇಳಿದಳು. "ನೀವು ಒಂಬತ್ತು ಸಲ ಹೇಗೆ ಕತ್ತರಿಸಿದ್ರಿ?"

ಒಂಬತ್ತು ವರ್ಷದಿಂದ ಆಡಬೇಕೆಂದು ಕೂಡಿಟ್ಟ ಮಾತುಗಳು ಕತ್ತರಿ ಮಿಸ್ಸಿನ ಬಳಿ ರಾಶಿ ಇದ್ದವು. ಒಂದೊಂದೂ ಮಸೆದು ಇಟ್ಟದ್ದು. ಈಗ ಹುಡುಕಿದರೆ ಒಂದೇ ಸಿಕ್ಕಿತು.

"ನಿಮ್ಮ ಮೇಲಿನ ಸಿಟ್ಟಲ್ಲಿ."

ಹೆಡ್‌ಮಿಸ್ ತಲೆಯಾಡಿಸಿದಳು. "ನಾನೂ ಇವತ್ತು ಸಿಟ್ಟಲ್ಲೇ ಕತ್ತರಿಸಿದ್ದು" ಎಂದು ಕಾಗದದ ಹುಡುಗನ ತುಂಡಾದ ಕೈಯನ್ನು ಬೆರಳಿನಿಂದ ನೇರ ಮಾಡಿದಳು.

ಕೂತ್ಕೊಳ್ಳಿ ಎಂದು ಅವಳು ಹೇಳಲಿಲ್ಲ. ಕತ್ತರಿ ಮಿಸ್ ಹೊರಟುಹೋಗಲೂ ಇಲ್ಲ.